ಆರು ಅಂಗುಲದ ಅಂಗಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಆ ಮನೆಯ ಅಳತೆ ಎಷ್ಟಿರಬೇಕೆಂಬುದನ್ನು ಹೇಳದೆ ಹೋದರು. ನಾನು ಈಚೆಗೆ ಒಂದು ಕಟ್ಟಡವನ್ನು ಕಟ್ಟಿ ಮುಗಿಸಿದೆನು. ಅದರ ಉದ್ದ ೬ ಅಂಗುಲ, ಅಗಲ ೪½ ಅಂಗುಲ. ಹಿಡಿದ ಕಾಲ ೧೧ ತಿಂಗಳು. ಅಷ್ಟರೊಳಗೆ ನಮ್ಮ ಬೀದಿಯಲ್ಲಿ ಎರಡು ತಾರಸಿಯ ಮನೆಗಳು ಎದ್ದವು, ಗೃಹಪ್ರವೇಶದ ಊಟಗಳೂ ಆದವು, ಅವುಗಳಲ್ಲೊಂದು ಮೊದಲ ಮಳೆಗೇ ಸೋರಲು ಕೂಡ ಆರಂಭಿಸಿತು. ನನ್ನದು ಇನ್ನೂ ಗೋಡೆಯ ಮಟ್ಟದಲ್ಲಿಯೇ ಇದ್ದಿತು. ‘ಮೇಷ್ಟರ ಕಟ್ಟಡ ಎಲ್ಲಿಗೆ ಬಂತು?’ ಎಂದು ಕೇಳಿ ನಗುವುದು ನೆರೆಯವರಿಗೆ ರೂಢಿಯಾಗಿಹೋಯಿತು. ನಿವೃತ್ತನಾದ ಡ್ರಾಯಿಂಗ್ ಮೇಷ್ಟರು ಹೊತ್ತು ಕಳೆಯಲು ಗೊಂಬೆಯ ಮನೆಯನ್ನು ಮಾಡುತ್ತಿದ್ದಾರೆಂದು ಅವರ ಎಣಿಕೆ. ಅದನ್ನು ತಿದ್ದುವ ಗೋಜಿಗೆ ನಾನು ಹೋಗಲಿಲ್ಲ. ಗೊಂಬೆಯ ಮನೆಯೆಂದರೆ ಅದಕ್ಕೆ ಅವಮಾನವೇನೂ ಇಲ್ಲವಷ್ಟೆ.

ನಾನು ಕಟ್ಟಿದ್ದು ನಮ್ಮ ತಂದೆಯವರ ಅಂಗಡಿಯನ್ನು. ಶರಾವತಿಯ ಕಣಿವೆಯಲ್ಲಿ, ದೋಣಿ ದಾಟುವ ಕಡವಿನ ಪಕ್ಕದಲ್ಲಿ, ಹೊಳೆಯ ಪಶ್ಚಿಮದ ದಡದ ಮೇಲೆ ಅದು ಪೂರ್ವಕ್ಕೆ ಮುಖಮಾಡಿ ನಿಂತಿದ್ದಿತು. ಹಲಗೆಯ ಗೋಡೆ, ಅಡಕೆ ಸೋಗೆಯ ಮಾಡು. ಉಪ್ಪು, ಬೆಲ್ಲ, ಹೊಗೆಸೊಪ್ಪು, ಸೀಮೆಎಣ್ಣೆ, ಎಲೆಯಡಕೆ, ಬೀಡಿ, ಬೆಂಕಿಪೆಟ್ಟಿಗೆ: ದೋಣಿಗೆ ಕಾಯುವವರಿಗೂ ಆಚೆ ದಡದ ಹಳ್ಳಿಗಳವರಿಗೂ ಇಷ್ಟು ಸಾಕಾಗಿದ್ದಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಿತು. ಊರು, ಗದ್ದೆ, ತೋಟ, ಕಡವು ಎಲ್ಲವೂ ಅಡಿಗಾದವು. ಮುಳುಗಡೆಯ ಕಾಗದಪತ್ರಗಳಲ್ಲಿ ನಮ್ಮ ಮನೆಯುಂಟು, ಗದ್ದೆಯ ಸರ್ವೆ ನಂಬರು ಉಂಟು, ಬಾವಿಯೂ ಉಂಟು, ಅಂಗಡಿಯೊಂದಿಲ್ಲ. ಅದು ಹೊಳೆಯಂಚಿನ ಸರ್ಕಾರಿ ಜಾಗದಲ್ಲಿದ್ದುದರಿಂದ ಕಾಗದದ ಮಟ್ಟಿಗೆ ಅದು ಇದ್ದಿರಲೇ ಇಲ್ಲ. ಅದರ ಛಾಯಾಚಿತ್ರವನ್ನು ಯಾರೂ ತೆಗೆದಿರಲಿಲ್ಲ. ನೀರು ಬಹಳ ಇಳಿದ ಬೇಸಗೆಗಳಲ್ಲಿ, ೧೯೪೮ರಲ್ಲಿ ಕಟ್ಟಿ ಮುಂದೆ ಇದೇ ಹಿನ್ನೀರಿನಲ್ಲಿ ಮುಳುಗಿದ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತಿ ಕಾಣುತ್ತದೆ. ಜನರು ಹೋಗಿ ನೋಡಿ ಬರುತ್ತಾರೆ. ನಮ್ಮ ಅಂಗಡಿ ಹಾಗೆ ಏಳಲಾರದು. ನೀರು ಬರುವ ಮೊದಲೇ ತಂದೆಯವರು ಅದನ್ನು ಮೊಳೆ ಮೊಳೆಯಾಗಿ ಕಿತ್ತು ಗಾಡಿಗೆ ಹೇರಿ ತಂದಿದ್ದರು.

ಆಗ ನನಗೆ ಹತ್ತು ವರ್ಷ, ಅಕ್ಕನಿಗೆ ಹದಿನೇಳು. ನಾನು ಅಂಗಡಿಗೆ ಹೋಗುತ್ತಿದ್ದುದು ಬೆಲ್ಲದ ಚೂರಿಗಾಗಿ. ಅಕ್ಕ ಅಲ್ಲಿ ಕುಳಿತು ತಕ್ಕಡಿ ಹಿಡಿಯುತ್ತಿದ್ದಳು. ಈಗ ಆಕೆ ಸಾಗರದಲ್ಲಿ ನಮ್ಮೊಡನೆಯೇ ಇದ್ದಾಳೆ. ಎರಡು ವರ್ಷಗಳಿಂದ ಆಕೆಯ ನೆನಪಿಗೆ ಗೆದ್ದಲು ಹಿಡಿದಿದೆ. ಬೆಳಗಿನ ಕಾಫಿಯಾಯಿತೋ ಇಲ್ಲವೋ ಎಂಬುದು ಹತ್ತು ಗಂಟೆಗೆ ತಿಳಿಯದು. ನನ್ನ ಮೊಮ್ಮಗಳನ್ನು ಒಮ್ಮೊಮ್ಮೆ ನನ್ನ ಮಗಳೆಂದೇ ಕರೆಯುತ್ತಾಳೆ. ಹಳೆಯದು ಕೊನೆಗೆ ಹೋಗುವುದು, ಆದರೆ ಅದೂ ಹೋಗುವುದು ಎಂದು ವೈದ್ಯರು ಹೇಳಿದರು. ಆ ಮಾತನ್ನು ಕೇಳಿಕೊಂಡು ಬಂದ ವಾರದಲ್ಲಿಯೇ ನಾನು ಅಳತೆಪಟ್ಟಿಯನ್ನು ಹುಡುಕಿ ತೆಗೆದೆನು.

ಅಳತೆಗಳೆಲ್ಲವೂ ಅಕ್ಕನ ಮೈಯಿಂದ ಬಂದವು. ‘ಅಂಗಡಿಯ ಎತ್ತರವೆಷ್ಟು?’ ಎಂದು ಕೇಳಿದರೆ ಆಕೆಗೆ ತಿಳಿಯದು. ‘ಕಟ್ಟೆಯ ಹಲಗೆ ನಿನಗೆ ಎಲ್ಲಿಗೆ ಬರುತ್ತಿತ್ತು?’ ಎಂದರೆ, ‘ಒಂಬತ್ತು ತುಂಬಿದಾಗ ಗದ್ದಕ್ಕೆ’ ಎಂದು ಕೂಡಲೇ ಉತ್ತರ ಬರುವುದು. ನೆರೆಮನೆಯ ಒಂಬತ್ತು ವರ್ಷದ ಹುಡುಗಿಯನ್ನು ಗೋಡೆಗೆ ನಿಲ್ಲಿಸಿ ಗೆರೆ ಎಳೆದುಕೊಂಡೆನು. ಪಕ್ಕದ ಬಾಗಿಲಲ್ಲಿ ತಂದೆಯವರು ತಲೆ ಬಾಗಿಸಿ ಬರುತ್ತಿದ್ದರು, ಚಿಕ್ಕಪ್ಪ ನೇರವಾಗಿಯೇ ಬರುತ್ತಿದ್ದರು. ಅವರಿಬ್ಬರ ಎತ್ತರದ ನಡುವೆ ಬಾಗಿಲ ತಲೆಪಟ್ಟಿ ಸಿಕ್ಕಿತು. ಅಂಗಡಿಯ ಮುಂಭಾಗವನ್ನು ಮುಚ್ಚುತ್ತಿದ್ದುದು ಒಂಬತ್ತು ಬಿಡಿ ಹಲಗೆಗಳಿಂದ. ಮೇಲೆ ಕೆಳಗೆ ಗಾಡಿಯಿದ್ದ ಚೌಕಟ್ಟಿನೊಳಕ್ಕೆ ಅವುಗಳನ್ನು ಒಂದೊಂದಾಗಿ ಸರಿಸಿ, ಕೊನೆಯದಕ್ಕೆ ಬೀಗ ಹಾಕುವುದು. ಕ್ರಮ ತಪ್ಪಿದರೆ ಕೂರುವುದಿಲ್ಲವೆಂದು ತಂದೆಯವರು ಒಂದೊಂದರ ತಲೆಯ ಮೇಲೂ ಡಾಂಬರಿನಿಂದ ೧ರಿಂದ ೯ರವರೆಗೆ ಅಂಕಿಗಳನ್ನು ಬರೆದಿದ್ದರು. ಅಕ್ಕ ಅಂಕಿ ಕಲಿತದ್ದು ಸ್ಲೇಟಿನ ಮೇಲಲ್ಲ, ಅವುಗಳ ಮೇಲೆಯೇ. ಆ ಒಂಬತ್ತರಲ್ಲಿ ನಾಲ್ಕನೆಯದೊಂದು ಈಗಲೂ ಉಳಿದಿದೆ. ನಮ್ಮ ಅಡಿಗೆಮನೆಯಲ್ಲಿ ಉಪ್ಪಿನಕಾಯಿಯ ಜಾಡಿಗಳನ್ನು ಹೊತ್ತುಕೊಂಡು ಅದು ಗೋಡೆಗೆ ಅಂಟಿಕೊಂಡಿದೆ. ಅಗಲ ೯ ಅಂಗುಲ. ಒಂಬತ್ತೊಂಬತ್ತಲ ಎಂಬತ್ತೊಂದು, ಮುಂಭಾಗದ ತೆರಪು ೬ ಅಡಿ ೯ ಅಂಗುಲ. ಇಡೀ ಅಂಗಡಿಯ ಉದ್ದ ೧೨ ಅಡಿಯೆಂದು ಇದರಿಂದ ಲೆಕ್ಕ ಹಾಕಿದೆನು.

ಒಂದು ಅಡಿಗೆ ಅರ್ಧ ಅಂಗುಲದಂತೆ, ಅಂದರೆ ೨೪ಕ್ಕೆ ೧ರ ಪ್ರಮಾಣದಲ್ಲಿ ಕಟ್ಟುವುದೆಂದು ನಿಶ್ಚಯಿಸಿದೆನು. ಹೀಗೆ ಸನ್ನಿವೇಶವೊಂದನ್ನು ಸಣ್ಣದಾಗಿ ಕಟ್ಟಿ ನಿಲ್ಲಿಸುವುದಕ್ಕೆ ಪಶ್ಚಿಮದವರು ಡಯೊರಾಮ ಎನ್ನುತ್ತಾರೆ. ಮುಂದೆ ಛಾಯಾಚಿತ್ರ ಕಲೆಯಲ್ಲಿ ಹೆಸರಾದ ಡಾಗೇರ್ ಎಂಬಾತನು ೧೮೨೨ರಲ್ಲಿ ಪ್ಯಾರಿಸಿನಲ್ಲಿ ತೆರೆದ ಚಿತ್ರಪ್ರದರ್ಶನಕ್ಕೆ ಇಟ್ಟ ಹೆಸರದು. ಅಲ್ಲಿ ಇದ್ದುದು ಗೋಡೆಯಷ್ಟು ದೊಡ್ಡ ಚಿತ್ರಗಳು. ಹೆಸರು ಕಾಲಕ್ರಮದಲ್ಲಿ ಸಣ್ಣ ವಸ್ತುಗಳಿಗೆ ಇಳಿಯಿತು. ನಮ್ಮ ಹೆಂಗಸರಿಗೆ ಇದೇನೂ ಹೊಸದಲ್ಲ. ನವರಾತ್ರಿಯ ಗೊಂಬೆಗಳ ಮೆಟ್ಟಿಲ ಬುಡದಲ್ಲಿ ರಾಗಿಯ ಪೈರನ್ನು ಮೊಳೆಯಿಸಿ, ನಡುವೆ ಕನ್ನಡಿಯನ್ನಿಟ್ಟು ಕೆರೆಯೆಂದು ಹೇಳಿ, ದಂಡೆಯ ಮೇಲೆ ಹಸುವನ್ನು ನಿಲ್ಲಿಸಿದವರು ಮತ್ತೇನು ಮಾಡಿದರು? ಆದರೆ ಗೊಂಬೆಯ ಹಬ್ಬದ ಊರಿನಲ್ಲಿ ಎಲ್ಲವೂ ಹೊಸದು. ನಿನ್ನೆ ಬಣ್ಣ ಬಳಿದಂತೆ ಹೊಳೆಯಬೇಕು. ಸಣ್ಣ ವಸ್ತುವಿಗೆ ಮುಪ್ಪನ್ನು ತರಿಸುವುದು ಬೇರೆಯದೇ ಆದ ವಿದ್ಯೆ. ಅಮೆರಿಕದ ಮಾಂಟೆರೆ ಎಂಬ ಊರಿನಲ್ಲಿದ್ದ ಜಾನ್ ಆಲೆನ್ ಎಂಬಾತನು ೮೭ಕ್ಕೆ ೧ರ ಪ್ರಮಾಣದಲ್ಲಿ ಇಡೀ ರೈಲುದಾರಿಯನ್ನೇ ಕಟ್ಟಿ, ಅದರ ಡಬ್ಬಿಗಳಿಗೂ ಕಟ್ಟಡಗಳಿಗೂ ಮಸಿ, ತುಕ್ಕು, ಧೂಳುಗಳನ್ನು ಹಚ್ಚಿ ತೋರಿಸಿದವರಲ್ಲಿ ಮೊದಲಿಗನೆನ್ನಬಹುದು. ಆತ ೧೯೭೩ರಲ್ಲಿ ತೀರಿಕೊಂಡ ಕೆಲವೇ ದಿನಗಳಲ್ಲಿ ಆ ರೈಲುದಾರಿ ಬೆಂಕಿಯಲ್ಲಿ ಹಾಳಾಯಿತು. ಈ ಕೆಲಸಕ್ಕೆ ಕನ್ನಡದಲ್ಲಿ ಹೆಸರಿದೆಯೇ ಎಂದು ಹುಡುಕುವ ಅಗತ್ಯವಿಲ್ಲ. ‘ಬಿಸಿಲು ಮಳೆ ತಿಂದ ಮರ’ ಎಂದು ನಾವು ಹೇಳುತ್ತೇವೆ. ತಿನ್ನಿಸುವುದೇ ನನ್ನ ಕೆಲಸವಾಯಿತು.

ಐಸ್‌ಕ್ರೀಮಿನ ಕಡ್ಡಿಗಳಿಂದ ಹಲಗೆಗಳನ್ನು ಮಾಡಿದೆನು. ದೇವರ ದಯದಿಂದ ಆ ಕಡ್ಡಿಯ ಅಗಲ ಒಂದು ಅಂಗುಲದ ಎಂಟರಲ್ಲಿ ಮೂರು ಪಾಲು, ಅಂದರೆ ನಮ್ಮ ಹಲಗೆಯ ೯ ಅಂಗುಲಕ್ಕೆ ಸರಿಯಾಯಿತು. ದಪ್ಪ ಮಾತ್ರ ಹೆಚ್ಚು. ಮರಳು ಕಾಗದದಿಂದ ಉಜ್ಜಿ ಅರ್ಧ ಮಾಡಬೇಕಾಯಿತು. ಮೂಲೆಯ ಕಂಬಗಳಿಗೆ ಚನ್ನಪಟ್ಟಣದ ಬೊಂಬೆಗಳನ್ನು ಕಡೆಯುವ ಆಲೆಮರದ ಚೂರುಗಳನ್ನು ತರಿಸಿದೆನು. ಇವೆರಡೂ ನುಣುಪಾದ ಮರಗಳು. ನುಣುಪೇ ಏಕೆ ಬೇಕೆಂದರೆ, ಮರದ ಎಳೆಯನ್ನು ನಾವು ಕುಗ್ಗಿಸಲಾರೆವು. ಕಟ್ಟಡವನ್ನು ೨೪ರಲ್ಲಿ ಒಂದು ಪಾಲು ಮಾಡಬಹುದು, ಮರ ಬೆಳೆದ ರೀತಿಯನ್ನು ಹಾಗೆ ಮಾಡಲಾಗದು. ದಾರದಷ್ಟು ಸಣ್ಣ ಗೆರೆಯೊಂದು ಮಾದರಿಯ ಮೇಲಿದ್ದರೆ, ನೋಡುವ ಕಣ್ಣಿಗೆ ಅದು ಕಿರುಬೆರಳ ಗಾತ್ರದ ಬಿರುಕಿನಂತೆ ತೋರುತ್ತದೆ. ಆದುದರಿಂದ ಎಳೆಯಿಲ್ಲದ ಮರವನ್ನು ತಂದು, ತಂತಿಯ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಮೆಲ್ಲನೆ ಎಳೆದು, ನಮಗೆ ಬೇಕಾದಷ್ಟೇ ಎಳೆಯನ್ನು ಹುಟ್ಟಿಸಬೇಕು.

ಇನ್ನು ಬಣ್ಣ. ಹಳೆಯ ಹಲಗೆ ಬೂದುಬಣ್ಣಕ್ಕೆ ತಿರುಗುವುದು ಕೊಳೆಯಿಂದಲ್ಲ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಪದಾರ್ಥವನ್ನು ಬಿಸಿಲಿನ ಕಿರಣಗಳು ಒಡೆಯುತ್ತವೆ. ಒಡೆದುದನ್ನು ಮಳೆ ತೊಳೆದೊಯ್ಯುತ್ತದೆ. ಬಿಳಿಚಿದ ನಾರು ಮೇಲುಳಿಯುತ್ತದೆ. ಅದರ ಮೇಲೆ ಬೂಷ್ಟು ಕೂರುತ್ತದೆ. ಸೂರಿನ ನೆರಳಿನಲ್ಲಿ ಬಿಸಿಲೂ ಮಳೆಯೂ ತಾಗದ ಕಡೆ ಅದೇ ಹಲಗೆ ಕಂದಾಗಿಯೇ ಉಳಿಯುತ್ತದೆ. ಇದನ್ನು ತಿಳಿಯದೆ ಗೋಡೆಗೆಲ್ಲ ಒಂದೇ ಸಮನಾಗಿ ಬೂದುಬಣ್ಣವನ್ನು ಬಳಿದ ಮಾದರಿಗಳನ್ನು ನಾನು ಕಂಡಿದ್ದೇನೆ. ಅವು ಹಳೆಯವಾಗಿ ಕಾಣುವುದಿಲ್ಲ, ಬೂದುಬಣ್ಣ ಬಳಿದವಾಗಿ ಕಾಣುತ್ತವೆ.

ವಿನೆಗರಿನಲ್ಲಿ ಕಬ್ಬಿಣದ ಚೂರನ್ನು ನೆನೆಯಿಟ್ಟು, ಚಹದ ಕಷಾಯ ಸವರಿದ ಮರಕ್ಕೆ ಆ ನೀರನ್ನು ಬಳಿದರೆ ಕ್ಷಣದಲ್ಲಿ ಮರ ಬೂದಿಯಾಗುವುದೆಂದು ಪುಸ್ತಕಗಳು ಹೇಳುತ್ತವೆ. ಓದುತ್ತಿದ್ದಂತೆಯೇ ನನಗೆ ನಗು ಬಂದಿತು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿ ನಮ್ಮ ಅಜ್ಜ ಲೆಕ್ಕ ಬರೆಯುವ ಮಸಿಯನ್ನು ಮಾಡುತ್ತಿದ್ದರು. ಅಳಲೆಯ ಒಗರೂ ಚಹದ ಒಗರೂ ಒಂದೇ ಜಾತಿಯವು. ಅನ್ನಭೇದಿಯೆಂದರೆ ಕಬ್ಬಿಣದ ಉಪ್ಪು. ಒಗರೂ ಕಬ್ಬಿಣವೂ ಕೂಡಿದ ಕಡೆ ಕಪ್ಪು ಹುಟ್ಟುವುದು. ಅಡಿಗೆಮನೆಯ ನಾಲ್ಕನೆಯ ಹಲಗೆಯನ್ನು ಕೆಳಗಿಳಿಸಿ ಹಿಂಬದಿಯನ್ನು ನೋಡಿದೆನು. ಅಡ್ಡಪಟ್ಟಿಗೆ ಹೊಡೆದಿದ್ದ ಎರಡು ಮೊಳೆಗಳ ಸುತ್ತಲೂ ಮತ್ತಿಮರ ಕಾಡಿಗೆಯಂತೆ ಕಪ್ಪಾಗಿದ್ದಿತು. ಯಾರ ಕೈವಾಡವೂ ಇಲ್ಲದೆ ಆ ಮೊಳೆಗಳು ಅಷ್ಟು ವರ್ಷಗಳಿಂದ ಮಸಿ ಮಾಡುತ್ತ ಕುಳಿತಿದ್ದವು. ನಾನು ಚಹವನ್ನು ಬಿಟ್ಟು ಅಳಲೆಕಾಯಿಯನ್ನೇ ಕುದಿಸಿದೆನು. ಅದರ ಒಗರು ಬಲವಾದುದರಿಂದ ನೀರನ್ನು ಹತ್ತು ಪಾಲು ಬೆರೆಸದಿದ್ದರೆ ಮರ ಬೂದಿಯಾಗುವ ಬದಲು ಇದ್ದಿಲಾಗುತ್ತದೆ. ಮಾಡ ಬಯಸುವವರಿಗೆ ಇನ್ನೆರಡು ಮಾತು: ಕಬ್ಬಿಣ ನೆನೆಯುತ್ತಿರುವ ಬಾಟಲಿಯ ಮುಚ್ಚಳವನ್ನು ಬಿಗಿಯಬಾರದು, ಒಳಗೆ ಅನಿಲ ಹುಟ್ಟುತ್ತದೆ, ಮತ್ತು ಅಂಟು ಹಾಕುವ ಮೊದಲೇ ಬಣ್ಣ ಕಟ್ಟಿಸಬೇಕು, ಅಂಟು ಕುಡಿದ ಮರ ಬಣ್ಣವನ್ನು ಕುಡಿಯದು.

ಬಣ್ಣ ಬಳಿಯುವುದು ಸುಲಭ. ಎಲ್ಲಿ ಬಳಿಯಬೇಕೆಂಬುದೇ ಕಷ್ಟ. ‘ಯಾವ ತಿಂಗಳ ಅಂಗಡಿ?’ ಎಂದು ಅಕ್ಕ ಒಂದು ದಿನ ಕೇಳಿದಾಗ ನನಗೆ ಕಣ್ಣು ತೆರೆದಂತಾಯಿತು. ಸೋಗೆಯನ್ನು ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹೊದಿಸುವರು. ಜ್ಯೇಷ್ಠಮಾಸದಲ್ಲಿ ಹಳೆಯ ಗೋಡೆಯ ಮೇಲೆ ಹೊಸ ಮಾಡು. ಮಾಘದಲ್ಲಿ ಎರಡೂ ಒಂದೇ ಬಣ್ಣ. ದೀಪಾವಳಿ ಕಳೆದ ವಾರವೆಂದು ಇಬ್ಬರೂ ಒಪ್ಪಿದೆವು. ಹಾಗಾದರೆ ಮಳೆಗೆ ಬೆನ್ನೊಡ್ಡಿದ ಪಶ್ಚಿಮದ ಗೋಡೆಯಲ್ಲಿ ಹಾವಸೆ ಇನ್ನೂ ಹಸುರಾಗಿರಬೇಕು. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿದ ಕೆಮ್ಮಣ್ಣು ಗೋಡೆಯ ಬುಡದಿಂದ ಒಂದೂವರೆ ಅಡಿಯವರೆಗೆ, ನನ್ನ ಲೆಕ್ಕದಲ್ಲಿ ಮುಕ್ಕಾಲು ಅಂಗುಲದವರೆಗೆ, ಹತ್ತಿರಬೇಕು. ಮಾಡಿಗೆ ಒಣಗಿದ ಬಾಳೆಯೆಲೆಯನ್ನು ಎಳೆಯೆಳೆಯಾಗಿ ಸೀಳಿ ಹೊದಿಸಿದೆನು. ಕೆಮ್ಮಣ್ಣಿಗೆ ಮಾತ್ರ ಬದಲಿಯನ್ನು ಹುಡುಕಲಿಲ್ಲ. ಹಿನ್ನೀರಿನ ಅಂಚಿನಿಂದ ಒಂದು ಚೀಲ ತಂದು, ತೆಳ್ಳನೆಯ ಬಟ್ಟೆಯಲ್ಲಿ ಸೋಸಿ ಬಳಸಿದೆನು.

ಅಕ್ಕ ಹೇಳುತ್ತ ಹೋದಳು, ನಾನು ಬರೆದುಕೊಳ್ಳುತ್ತ ಹೋದೆನು. ಬೀಡಿ ಹಚ್ಚುವವರಿಗೆಂದು ಬಲಗಡೆಯ ಕಂಬಕ್ಕೆ ಕಿಡಿಯಿಟ್ಟ ತೆಂಗಿನ ಹಗ್ಗವನ್ನು ನೇತುಹಾಕುತ್ತಿದ್ದರು. ಅಲ್ಲಿ ಕಂಬ ಸುಟ್ಟು ಕರಿಯಾಗಿದ್ದಿತು. ಊದುಬತ್ತಿಯ ತುದಿಯನ್ನು ತಾಗಿಸಿ ಅದನ್ನು ಮಾಡಿದೆನು. ಎಡಗಡೆಯ ಕಂಬ ಎಲೆಯಡಕೆಯವರದು. ಬೆರಳಿಗೆ ಮಿಕ್ಕ ಸುಣ್ಣವನ್ನು ಬಂದವರೆಲ್ಲ ಅಲ್ಲಿಯೇ ಒರೆಸುತ್ತಿದ್ದರು. ನಿಜವಾದ ಸುಣ್ಣವನ್ನೇ ಗುಂಡುಸೂಜಿಯ ಮೊನೆಯಿಂದ, ನಿಂತವನ ಎದೆಯ ಮಟ್ಟಕ್ಕೆ, ಇಳಿಜಾರಾಗಿ ಎಳೆದೆನು. ಉಪ್ಪಿನ ಮೂಟೆಯ ಹಿಂದಿನ ಹಲಗೆ ಬೇಸಗೆಯಲ್ಲಿಯೂ ತೇವ. ಸೀಮೆಎಣ್ಣೆಯ ಡಬ್ಬಿಯ ಕೆಳಗೆ ಕಪ್ಪನೆಯ ಚೌಕ. ಒಂಬತ್ತು ಬಿಡಿ ಹಲಗೆಗಳನ್ನು ಬೆಳಗಾದರೆ ಒಳಗೆ ಒರಗಿಸುತ್ತಿದ್ದುದರಿಂದ ಅವು ಗೋಡೆಯಷ್ಟು ಬಿಸಿಲು ತಿಂದಿರಲಿಲ್ಲ. ಅವುಗಳನ್ನು ತಿಂದದ್ದು ಕೈ. ನಾಲ್ಕನೆಯ ಹಲಗೆಯಲ್ಲಿ ಎರಡು ಕಡೆ, ಎತ್ತುವವನ ಎರಡು ಕೈಗಳಿಗೆ ಸರಿಯಾಗಿ, ಮರ ಎಣ್ಣೆ ಕುಡಿದಂತೆ ಮಿರುಗುತ್ತದೆ. ನಮ್ಮ ತಂದೆಯವರು ತೀರಿಕೊಂಡು ಬಹಳ ಕಾಲವಾಯಿತು. ನನ್ನ ಕೈಗಳನ್ನು ಆ ಎರಡು ಕಡೆ ಇಟ್ಟು ನೋಡಿದೆನು.

ಒಂದು ವಿಷಯದಲ್ಲಿ ಮಾತ್ರ ನಮಗೆ ಜಗಳವಾಯಿತು. ದೋಣಿಯವರು ಕೂರುತ್ತಿದ್ದ ಮೂಲೆಯಲ್ಲಿ ಗೋಡೆಯ ಮೇಲೆ ಎಲೆಯಡಕೆಯ ಉಗುಳು ಇದ್ದುದು ನನಗೆ ಚೆನ್ನಾಗಿ ನೆನಪಿದೆ. ‘ಇಲ್ಲವೇ ಇಲ್ಲ, ಅಪ್ಪಯ್ಯ ಉಗುಳುವುದಕ್ಕೆ ಬಿಡುತ್ತಿರಲಿಲ್ಲ. ಬೂದಿ ಹಾಕಿದ ಡಬ್ಬಿ ಇಡುತ್ತಿದ್ದ’ ಎಂದಳು ಅಕ್ಕ. ಡಬ್ಬಿಯೂ ಇದ್ದಿತು, ಉಗುಳೂ ಇದ್ದಿತು ಎಂದು ನಾನು. ‘ಅಲ್ಲ ಮಾರಾಯ, ಅಪ್ಪಯ್ಯನ ಅಂಗಡಿ ಕಟ್ಟುತ್ತೀಯೋ, ಅವನ ಮರ್ಯಾದೆ ತೆಗೆಯುತ್ತೀಯೋ?’ ಎಂದು ಆಕೆ ಎದ್ದು ಹೋದಳು. ನಾನು ಆ ಮೂಲೆಯನ್ನು ಹಾಗೆಯೇ ಬಿಟ್ಟೆನು. ಎಂಟನೆಯ ತಿಂಗಳಿನಲ್ಲಿ ಆಕೆಗೆ ಬೆಲ್ಲದ ಡಬ್ಬಿ ಎಡಗಡೆಯಿತ್ತೋ ಬಲಗಡೆಯಿತ್ತೋ ಎಂಬುದು ಹೊಳೆಯದಾಯಿತು. ಮೂರು ದಿನ ಕೇಳಿದರೂ ಮೂರು ಉತ್ತರ. ಅದಾದ ಮೇಲೆ ನಾನು ರಾತ್ರಿಯೂ ಕೆಲಸ ಮಾಡತೊಡಗಿದೆನು. ಆ ದಿನಗಳಲ್ಲಿಯೇ ಒಂದು ಮಧ್ಯಾಹ್ನ, ನಾನು ಕೇಳದೆ ಇದ್ದರೂ, ಆಕೆ ಆ ಮೂಲೆಗೆ ಬೆರಳಿಟ್ಟು, ‘ಇಲ್ಲಿ ಸ್ವಲ್ಪ ಕೆಂಪು ಹಾಕು. ದೀಪಾವಳಿಗೆ ಮುಂಚೆ ಅಪ್ಪಯ್ಯ ಉಜ್ಜುತ್ತಿದ್ದ, ಪೂರ್ತಿ ಹೋಗುತ್ತಿರಲಿಲ್ಲ’ ಎಂದಳು. ಕೆಂಪು ಹಾಕಿ, ಅರ್ಧ ಉಜ್ಜಿದೆನು.

ಗೋಡೆ, ಮಾಡು, ನೆಲ ಎಲ್ಲವೂ ಮುಗಿದು ಒಂಬತ್ತು ಬಿಡಿ ಹಲಗೆಗಳು ಮಾತ್ರ ಉಳಿದಿದ್ದಾಗ ಅಕ್ಕ ಅಡಿಗೆಮನೆಯಿಂದ ಉಪ್ಪಿನಕಾಯಿಯ ಜಾಡಿಗಳನ್ನೆಲ್ಲ ಕೆಳಗಿಳಿಸಿ ಬಂದು, ನಾಲ್ಕನೆಯ ಹಲಗೆಯನ್ನು ಕೊಯ್ದು ಒಂಬತ್ತನ್ನೂ ಅದರಿಂದಲೇ ಮಾಡೆಂದಳು. ಉಳಿದಿರುವುದು ಅದೊಂದೇ ಎಂದೆನು. ‘ಉಪ್ಪಿನಕಾಯಿ ಇಡುವುದಕ್ಕೆ ಉಳಿಯಬೇಕೇ?’ ಎಂದಳು. ಇದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಕೊನೆಗೆ ಇಬ್ಬರೂ ಒಪ್ಪಿದ್ದು ಇಷ್ಟು: ನಾಲ್ಕನೆಯದರಿಂದ ನಾಲ್ಕನೆಯದನ್ನು ಮಾತ್ರ ಮಾಡುವುದು, ಅದನ್ನೂ ಹಿಂಬದಿಯಿಂದ ತೆಗೆಯುವುದು. ನಮ್ಮೂರಿನ ಗುಡಿಗಾರ ಮಿತ್ರರೊಬ್ಬರು ಗಂಧದ ಕೆತ್ತನೆಗೆ ಬಳಸುವ ಸಣ್ಣ ಗರಗಸದಿಂದ ಒಂದು ಸೀಳನ್ನು ತೆಗೆದುಕೊಟ್ಟರು. ಮುಂಬದಿಯ ಅಂಕಿಗೂ ಕೈಯ ಗುರುತಿಗೂ ಏನೂ ಆಗಲಿಲ್ಲ.

ಆ ಸೀಳನ್ನು ಅದರ ಜಾಗದಲ್ಲಿ ಸರಿಸಿದಾಗ ನಾನು ಅಂಜಿದ್ದೇ ಆಯಿತು. ಮತ್ತಿಯ ಎಳೆ ಒರಟು. ಐಸ್‌ಕ್ರೀಮಿನ ಕಡ್ಡಿಯಿಂದಾದ ಎಂಟು ಹಲಗೆಗಳು ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದವುಗಳಂತೆ ನಿಂತಿದ್ದವು. ನಿಜವಾಗಿಯೂ ಅಲ್ಲಿದ್ದು ಬಂದ ಮರ ಅವುಗಳ ನಡುವೆ ಯಾರೋ ತಂದು ಸಿಕ್ಕಿಸಿದ ಚೆಕ್ಕೆಯಂತೆ ಕಂಡಿತು. ಬಣ್ಣದಿಂದ ಅದನ್ನು ಅಡಗಿಸಬಹುದಾಗಿದ್ದಿತು. ಈ ಕಲೆಯನ್ನು ಬಲ್ಲವರು ಯಾರು ಬಂದರೂ ಮೊದಲು ಕೈ ತೋರಿಸುವುದು ಅದಕ್ಕೇ. ನಾನು ಅದಕ್ಕೆ ಕುಂಚವನ್ನು ತಾಗಿಸಲಿಲ್ಲ, ತಾಗಿಸುವುದೂ ಇಲ್ಲ. ಡಾಂಬರಿನ ಬದಲು ಕಪ್ಪು ಬಣ್ಣದಿಂದ ತಲೆಯ ಮೇಲೆ ೪ ಎಂದು ಬರೆದೆನು, ಅಷ್ಟೆ.

ಅಂಗಡಿ ಈಗ ನಡುಮನೆಯ ಕಿಟಕಿಯ ಬಳಿ ಇದೆ. ಬೆಳಗ್ಗೆ ಅಕ್ಕ ಒಂಬತ್ತರಿಂದ ಒಂದಕ್ಕೆ ಹಲಗೆಗಳನ್ನು ತೆಗೆದು ಒಳಗೆ ಒರಗಿಸುತ್ತಾಳೆ. ದೀಪ ಹಚ್ಚಿದ ಮೇಲೆ ಒಂದರಿಂದ ಒಂಬತ್ತಕ್ಕೆ ಮುಚ್ಚುತ್ತಾಳೆ. ಮೊಮ್ಮಗಳು ಒಮ್ಮೆ ಐದನೆಯದನ್ನು ಮೂರರ ಪಕ್ಕದಲ್ಲಿಟ್ಟಾಗ ಬೈಸಿಕೊಂಡಳು. ಇಷ್ಟೆಲ್ಲ ಪಟ್ಟು ಹಚ್ಚಿದ ಧೂಳಿನ ಮೇಲೆ ಈಗ ನಮ್ಮ ಬೀದಿಯ ಧೂಳು ಕೂರುತ್ತಿದೆ, ಮತ್ತು ಅದಕ್ಕೆ ೨೪ಕ್ಕೆ ೧ರ ನಿಯಮ ತಿಳಿಯದು. ಒಂದೊಂದು ಕಣವೂ ಮಾಡಿನ ಮೇಲೆ ಅಡಕೆಯ ಗಾತ್ರಕ್ಕೆ ಕಾಣುತ್ತದೆ. ಗಾಜಿನ ಪೆಟ್ಟಿಗೆ ಮಾಡಿಸೋಣವೆಂದೆನು. ‘ಆಮೇಲೆ ಅಂಗಡಿ ತೆಗೆಯುವುದು ಹೇಗೆ?’ ಎಂದು ಅಕ್ಕ ಕೇಳಿದಳು. ಆದುದರಿಂದ ಪ್ರತಿ ಅಮಾವಾಸ್ಯೆಯ ದಿನ, ತಂದೆಯವರು ಅಂಗಡಿಯನ್ನು ಗುಡಿಸುತ್ತಿದ್ದ ದಿನವದು, ನಾನು ಒಂಟೆಯ ಕೂದಲಿನ ಕುಂಚವನ್ನು ಹಿಡಿದು ಕುಳಿತು, ಹೊರಗಿನ ಧೂಳನ್ನು ತೆಗೆದು ಒಳಗಿನದನ್ನು ಬಿಡುತ್ತೇನೆ.